ಚೌಕ, ಕಟ್ಟೆ, ಬಯಲು

ಒಂಬತ್ತನೆಯ ತರಗತಿಯ ಬಾಲಿಕೆಯರಿಗೆ ಒಮ್ಮೆ ನಾವು ಭಾಷಾಂತರಕ್ಕಾಗಿ ಇಂಗ್ಲಿಷಿನ ಒಂದು ಸಣ್ಣ ವಾಕ್ಯವನ್ನು ಕೊಟ್ಟೆವು. ಜನರು ಊರಿನ 'ಸ್ಕ್ವೇರ್'ನಲ್ಲಿ ನೆರೆದರು ಎಂಬುದು ಅದರ ಅರ್ಥ. ಐದು ನಿಮಿಷದ ಕೆಲಸವೆಂದು ಎಣಿಸಿದ್ದುದು ಇಡೀ ಪೀರಿಯಡ್ಡನ್ನು ನುಂಗಿತು. ಶಿವಮೊಗ್ಗದ ಪೇಟೆಯ ಹುಡುಗಿ ಸರ್ಕಲ್ ಎಂದು ಬರೆದಿದ್ದಳು. ಭದ್ರಾವತಿಯಿಂದ ಬರುವವಳು ಮೈದಾನವೆಂದಳು. ಹಳ್ಳಿಯ ಕಡೆಯವಳೊಬ್ಬಳು ಅರಳಿಕಟ್ಟೆಯೆಂದಳು. ನಿಘಂಟನ್ನು ನಂಬಿದವರು ಚೌಕವೆಂದರು. ಯಾವುದೂ ತಪ್ಪಲ್ಲ, ಆದರೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲದು. ಅಲ್ಲಿ ಯಾರು ಕೂಡುವರು, ಏತಕ್ಕಾಗಿ ಕೂಡುವರು ಎಂಬುದನ್ನು ನಮ್ಮ ಪದಗಳು ತಮ್ಮೊಳಗೇ ಇಟ್ಟುಕೊಂಡಿವೆ.

ಚೌಕವೆಂಬುದು ಸಂಸ್ಕೃತದ 'ಚತುಷ್ಕ'ದಿಂದ ಬಂದುದು. ನಾಲ್ಕು ಮೂಲೆಯುಳ್ಳದ್ದು ಎಂದಷ್ಟೇ ಅದರ ಮೂಲಾರ್ಥ. ಮಲೆನಾಡಿನ ಚೌಕಿಮನೆಯನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು: ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಜಗಲಿ. ಹೀಗೆ ನಮ್ಮ ಕಡೆಯಲ್ಲಿ ಚೌಕವು ಮನೆಯೊಳಗೇ ಇದ್ದಿತು. ಊರಿನವರು ಕೂಡುತ್ತಿದ್ದುದು ತೇರುಬೀದಿಯಲ್ಲಿ, ಸಂತೆಯಲ್ಲಿ, ಚಾವಡಿಯ ಮುಂದೆ, ಮರದ ಬುಡದಲ್ಲಿ.

ಮರದ ಬುಡವೆಂದೊಡನೆ ಕಟ್ಟೆ ಬರುತ್ತದೆ. ಇದು 'ಕಟ್ಟು' ಎಂಬ ಕನ್ನಡ ಧಾತುವಿನ ಮಗಳು. ನೀರನ್ನು ತಡೆದು ನಿಲ್ಲಿಸುವುದೂ ಕಟ್ಟೆಯೇ, ಜನರನ್ನು ಕೂರಿಸುವುದೂ ಕಟ್ಟೆಯೇ. ಅರಳಿಕಟ್ಟೆಯ ಮೇಲೆ ಹಿರಿಯರು ಕುಳಿತು ನ್ಯಾಯ ಹೇಳುತ್ತಿದ್ದರು. ಆ ನ್ಯಾಯವು ಹೆಂಗಸಿನ ವಿಷಯವಾದಾಗಲೂ ಆಕೆ ದೂರದಲ್ಲಿ ನಿಂತು ತಂದೆಯ ಅಥವಾ ಅಣ್ಣನ ಬಾಯಿಂದ ಮಾತಾಡಬೇಕಾಗಿತ್ತು. ಸ್ತ್ರೀಯರಿಗೆ ಇದ್ದುದು ಬಾವಿಕಟ್ಟೆ. ಅದಕ್ಕೆ ಸಭೆಯೆಂಬ ಗೌರವದ ಹೆಸರು ಬರಲಿಲ್ಲ. 'ಹೆಂಗಸರ ಹರಟೆ' ಎಂಬ ಹೆಸರು ಬಂತು. ಆದರೂ ಯಾವ ಮನೆಯಲ್ಲಿ ಕಾಯಿಲೆ, ಯಾವ ಸೊಸೆಗೆ ಅನ್ನವಿಲ್ಲ ಎಂಬುದು ಮೊದಲು ತಿಳಿಯುತ್ತಿದ್ದುದು ಅಲ್ಲಿಯೇ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಸಮಾರ್ಯದ ಹೆಂಗಸನ್ನು ಕರ್ತನು ಸಂಧಿಸಿದ್ದು ಯಾಕೋಬನ ಬಾವಿಯ ಬಳಿಯಲ್ಲಿ. ಹೆಂಗಸಿನೊಡನೆ ಮಾತಾಡುತ್ತಾನಲ್ಲಾ ಎಂದು ಶಿಷ್ಯರಿಗೆ ಆಶ್ಚರ್ಯವಾಯಿತು. ನಲ್ಲಿ ಮನೆಗೆ ಬಂದ ಮೇಲೆ ನಮ್ಮ ಬಾವಿಕಟ್ಟೆಗಳು ಬರಿದಾದವು. ಕೊಡ ಹೊರುವ ಕಷ್ಟ ತಪ್ಪಿದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆ ಮಾತುಗಳಿಗೆ ಬೇರೆ ಕಟ್ಟೆ ಎಲ್ಲಿ ದೊರಕಿತೆಂಬುದೇ ನಮ್ಮ ಪ್ರಶ್ನೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಈಗ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ; ಸಾಯಂಕಾಲದ ಕಟ್ಟೆಗೆ ಮಾತ್ರ ಅಂಥ ಕಾಯಿದೆಯಿಲ್ಲ.

ಸರ್ಕಲ್ ಎಂಬುದು ಇಂಗ್ಲಿಷಿನಿಂದ ಬಂದ ಅತಿಥಿ; 'ವೃತ್ತ'ವೆಂಬುದು ಅದರ ಭಾಷಾಂತರ. ನಮ್ಮ ನಗರದ ಗೋಪಿ ಸರ್ಕಲ್ಲಿಗೆ ಟಿ. ಸೀನಪ್ಪಶೆಟ್ಟಿ ವೃತ್ತವೆಂಬ ವಿಧ್ಯುಕ್ತ ನಾಮವಿದ್ದರೂ ಆಟೋದವರ ಬಾಯಲ್ಲಿ ಗೋಪಿಯೇ ಉಳಿದಿದ್ದಾನೆ. ಸರ್ಕಲ್ ಹುಟ್ಟಿದ್ದು ವಾಹನಗಳು ಸುತ್ತಿಹೋಗಲೆಂದು, ಜನರು ಕೂರಲೆಂದಲ್ಲ. ಆದರೂ ಮೆರವಣಿಗೆ, ಧರಣಿಗಳು ಅಲ್ಲಿಯೇ ನಡೆಯುತ್ತವೆ. ಊರೂರಿನ ಸರ್ಕಲ್ಲುಗಳಲ್ಲಿ ಬೆಳಗ್ಗೆ ಕೂಲಿಗಾಗಿ ಕಾದು ನಿಲ್ಲುವವರನ್ನು ಕಂಡಾಗಲೆಲ್ಲ ಮತ್ತಾಯನ ಸುವಾರ್ತೆಯ ದ್ರಾಕ್ಷೇತೋಟದ ಆಳುಗಳು ನಮಗೆ ನೆನಪಾಗುವರು. ಅವರು ನಿಂತಿದ್ದ ಸ್ಥಳಕ್ಕೆ ಗ್ರೀಕ್ ಮೂಲದಲ್ಲಿ 'ಅಗೋರ'ವೆಂದು ಹೆಸರು. ವ್ಯಾಪಾರಕ್ಕೂ ಮಾತಿಗೂ ಅಲ್ಲಿ ಒಂದೇ ಸ್ಥಳ, ಒಂದೇ ಪದ. ನಾವು ಸಂತೆಯನ್ನೂ ಕಟ್ಟೆಯನ್ನೂ ಬೇರೆಮಾಡಿಕೊಂಡೆವು.

ಭದ್ರಾವತಿಯ ಹುಡುಗಿ ಮೈದಾನವೆಂದದ್ದಕ್ಕೂ ಕಾರಣವುಂಟು. ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸವು ಆರಂಭವಾಗಿ, 1923ರಲ್ಲಿ ಉತ್ಪಾದನೆ ಮೊದಲಾಯಿತು. ನಾನಾ ಭಾಷೆಯ ಜನರು ಕೆಲಸಕ್ಕಾಗಿ ಬಂದು ನೆಲಸಿದರು. ಅವರಿಗೆ ಸಮಾನವಾದ ಅರಳಿಮರವೆಲ್ಲಿತ್ತು? ಪಾರಸಿಯಿಂದ ಬಂದ ಮೈದಾನವೆಂಬ ಪದವು ಒಂದು ಕೇರಿಗೆ ಅಂಟಿದ್ದಲ್ಲ. ಅಲ್ಲಿನ ಕನಕ ಮಂಟಪ ಮೈದಾನದ ಹೆಸರಿನಲ್ಲಿ ಕನಕದಾಸರೂ, ಸಂಸ್ಕೃತವೂ, ಪಾರಸಿಯೂ ಜಗಳವಿಲ್ಲದೆ ಕೂಡಿರುವುದು ನಮಗೆ ಬಹಳ ಪ್ರಿಯ.

ಮೈದಾನಕ್ಕೆ ನಮ್ಮ ಸ್ವಂತ ಪದ ಬಯಲು. ತಮಿಳಿನಲ್ಲಿ ಗದ್ದೆಯನ್ನು 'ವಯಲ್' ಎನ್ನುವುದು ಇದರ ಸೋದರಪದ. ಬಯಲುಸೀಮೆ, ಬಯಲಾಟಗಳಲ್ಲಿ ಇದು ನೆಲ. ವಚನಕಾರರಲ್ಲಿ ಇದೇ ಪರತತ್ತ್ವ. ಶಿವಮೊಗ್ಗದ ಹಳೆಯ ಕಾರಾಗೃಹವು ಸೋಗಾನೆಗೆ ಹೋದ ಮೇಲೆ ಅದರ ಆವರಣವು ಫ್ರೀಡಂ ಪಾರ್ಕ್ ಆಯಿತು. 2024ರಲ್ಲಿ ಅದಕ್ಕೆ ಅಲ್ಲಮಪ್ರಭುವಿನ ಹೆಸರು ಬಂತು. ಬಯಲನ್ನೇ ಹಾಡಿದ ಬಳ್ಳಿಗಾವಿಯ ಅಲ್ಲಮನ ಹೆಸರು, ಒಂದು ಕಾಲಕ್ಕೆ ಸೆರೆಮನೆಯಿದ್ದ ನೆಲಕ್ಕೆ!

ಪಾಠದ ಕೊನೆಯಲ್ಲಿ ಒಬ್ಬ ಬಾಲಿಕೆ ಎದ್ದು, "ಸತ್ಯವು ಬಯಲಿಗೆ ಬಂದರೆ ಒಳ್ಳೆಯದು, ಹುಡುಗಿ ಬೀದಿಗೆ ಬಂದರೆ ಕೆಟ್ಟದ್ದು, ಹಾಗೇಕೆ, ಟೀಚರ್?" ಎಂದು ಕೇಳಿದಳು. ನಾವು ಉತ್ತರವನ್ನು ವ್ಯಾಕರಣದಲ್ಲಿ ಹುಡುಕಲಿಲ್ಲ. ನಿಮ್ಮಲ್ಲಿ ಎಷ್ಟು ಮಂದಿ ನಿಮ್ಮೂರಿನ ಕಟ್ಟೆಯ ಮೇಲೆ, ಯಾವ ಕೆಲಸವೂ ಇಲ್ಲದೆ, ಸುಮ್ಮನೆ ಕುಳಿತಿದ್ದೀರಿ ಎಂದು ಕೇಳಿದೆವು. ನಲವತ್ತು ಮಂದಿಯಲ್ಲಿ ಮೂರು ಕೈಗಳು ಎದ್ದವು. ಅವುಗಳಲ್ಲಿ ಎರಡು, ಅಜ್ಜಿಯ ಜೊತೆಯಲ್ಲಿ ಬಸ್ಸಿಗಾಗಿ ಕಾದವು.

ಪೂರ್ವವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಕೋರಿಕೆ. ತಾವು ಹುಟ್ಟಿದ ಊರಿನಲ್ಲಿಯೂ, ಸೇರಿದ ಊರಿನಲ್ಲಿಯೂ ಸ್ತ್ರೀಯರು ಕೂಡುತ್ತಿದ್ದ ಎಡೆಗೆ ಏನೆಂದು ಹೆಸರಿತ್ತು, ಅದು ಈಗ ಏನಾಗಿದೆ ಎಂಬುದನ್ನು ನಾಲ್ಕು ಸಾಲು ಬರೆದು ಶಾಲೆಗೆ ಕಳುಹಿಸಿರಿ. ತಾಯಂದಿರನ್ನೂ ಅತ್ತೆಯರನ್ನೂ ಕೇಳಿ ಬರೆದರೆ ಇನ್ನೂ ಒಳ್ಳೆಯದು. ಬಂದ ಪದಗಳನ್ನು ಒಂಬತ್ತನೆಯ ತರಗತಿಯ ಗೋಡೆಯ ಮೇಲೆ ಬರೆದಿಡುವೆವು.