ಗೂಢಲಿಪಿಯೂ ಮರೆಮಾಡದ ಸುಳಿವು

ಅರಗಿನ ಮುದ್ರೆಯೊತ್ತಿದ ಲಕೋಟೆಯ ಒಳಗಣ ಒಕ್ಕಣೆಯನ್ನು ಅಂಚೆಯವನು ಅರಿಯಲಾರನು. ಆದರೆ ಅದು ಯಾರಿಗೆ ಹೋಗುತ್ತಿದೆ, ಎಷ್ಟು ತೂಗುತ್ತದೆ, ಅಂತಹವು ವಾರಕ್ಕೆಷ್ಟು ಬರುತ್ತವೆ ಎಂಬುದೆಲ್ಲವೂ ಅವನಿಗೆ ತಿಳಿದೇ ಇರುತ್ತದೆ. ಅಂತರಜಾಲದಲ್ಲಿ ಗೂಢಲಿಪಿಯಲ್ಲಿ ಕಳುಹಿಸಿದ ಸಂದೇಶದ ಪಾಡೂ ಇದೇ. ಅದರ ಅರ್ಥ ಮರೆಯಾಗುತ್ತದೆ. ಗಾತ್ರ, ಹೊತ್ತು, ದಿಕ್ಕು ಮರೆಯಾಗುವುದಿಲ್ಲ. ಈ ಮೂರರಿಂದಲೇ ಸಂಗತಿಯನ್ನು ಊಹಿಸುವ ವಿದ್ಯೆಗೆ ಸಂಚಾರ ವಿಶ್ಲೇಷಣೆಯೆಂದು ಹೆಸರು. ಕಚೇರಿಯ ಅಕ್ರಮವನ್ನು ಪತ್ರಕರ್ತನಿಗೆ ತಿಳಿಸುವ ನೌಕರನಿಗೆ, ತಾನು ಬರೆದೆನೆಂಬುದು ಹೊರಬಿದ್ದರೇ ಸಾಕು, ಕೇಡು ತಪ್ಪಿದ್ದಲ್ಲ. ಬರೆದುದನ್ನು ಯಾರೂ ಓದಬೇಕಾಗಿಲ್ಲ.

ಇದಕ್ಕೊಂದು ಪರಿಹಾರವನ್ನು 1981ರಲ್ಲಿ ಅಮೆರಿಕದ ಡೇವಿಡ್ ಚೌಮ್ ಸೂಚಿಸಿದರು. ಅವರು ಕಲ್ಪಿಸಿದ ‘ಮಿಕ್ಸ್’ ಎಂಬ ಕಂಪ್ಯೂಟರು ಬಂದ ಪತ್ರವನ್ನು ಒಡನೆಯೇ ಮುಂದಕ್ಕೆ ಸಾಗಿಸದು. ಒಂದೇ ಅಳತೆಯ ಹಲವು ಪತ್ರಗಳು ಕೂಡುವವರೆಗೆ ತಡೆದು, ಪ್ರತಿಯೊಂದರ ಗೂಢಲಿಪಿಯ ಒಂದು ಪದರವನ್ನು ಕಳಚಿ, ಬಂದ ಅನುಕ್ರಮ ಉಳಿಯದಂತೆ ಹೊರಬಿಡುತ್ತದೆ. ಒಳಹೊಕ್ಕುದು ಯಾವುದು, ಹೊರಬಂದುದು ಯಾವುದು ಎಂದು ನೋಡುವವನಿಗೆ ತಿಳಿಯದು. ಉಪಾಯವೇನೋ ಸೊಗಸು, ಆದರೆ ಕಾಯಬೇಕು. ಬರಿಯ ಪತ್ರವ್ಯವಹಾರಕ್ಕಾದರೆ ಈ ದಾರಿಯೇ ಲೇಸೆಂದು ನಮಗೆ ತೋರುತ್ತದೆ. ಓಲೆ ಮೂರು ಗಂಟೆ ತಡವಾದರೆ ಮುಳುಗಿಹೋಗುವುದೇನು?

ಕಾಯಲೊಲ್ಲದವರಿಗೆ 2002ರಲ್ಲಿ ಟಾರ್ ಜಾಲ ಬಳಕೆಗೆ ಬಂದಿತು. ಇದರಲ್ಲಿ ಸಂದೇಶವು 514 ಬೈಟುಗಳ ಸಮನಾದ ತುಣುಕುಗಳಾಗಿ, ಸಾಮಾನ್ಯವಾಗಿ ಮೂರು ಕಂಪ್ಯೂಟರುಗಳನ್ನು ಹಾಯ್ದು ಹೋಗುತ್ತದೆ. ಬೇಕೆಂದೇ ಎಲ್ಲಿಯೂ ತಡೆಯುವುದಿಲ್ಲ. ಆದುದರಿಂದ ಎರಡು ತುದಿಗಳನ್ನೂ ಗಮನಿಸಬಲ್ಲವನು, ಇಲ್ಲಿ ಹೊರಟ ತುಣುಕುಗಳ ಲಯವು ಅಲ್ಲಿ ತಲಪಿದವುಗಳ ಲಯಕ್ಕೆ ತಾಳೆಯಾಗುವುದನ್ನು ಕಂಡುಹಿಡಿಯಬಹುದು.

ಲಯವನ್ನೇ ಅಳಿಸಿದರೆ? ಹಗಲಿರುಳೂ ಸೆಕೆಂಡಿಗೊಂದು ತುಣುಕು ಹೊರಡುತ್ತಿರಲಿ. ಹೇಳುವುದೇನೂ ಇಲ್ಲದಾಗ ಹುಸಿ ತುಣುಕು ಹೋಗಲಿ. ಅದೂ ಗೂಢಲಿಪಿಯಲ್ಲಿರುವುದರಿಂದ ನಿಜವಾದುದರಿಂದ ಬೇರ್ಪಡಿಸಲು ಬಾರದು. ಈಗ ಲೆಕ್ಕ ಹಾಕೋಣ. ದಿನಕ್ಕೆ 86,400 ಸೆಕೆಂಡುಗಳು. 514ರಿಂದ ಗುಣಿಸಿದರೆ ಸುಮಾರು 4 ಕೋಟಿ 44 ಲಕ್ಷ ಬೈಟುಗಳು. ಒಂದು ಮಾತನ್ನೂ ಆಡದವನು ತೆರುವ ಸುಂಕವಿದು! ಇಷ್ಟಾದರೂ 10 ಲಕ್ಷ ಬೈಟುಗಳ ಒಂದು ಛಾಯಾಚಿತ್ರವನ್ನು ಈ ಗತಿಯಲ್ಲಿ ಕಳುಹಿಸಲು ಅರ್ಧ ಗಂಟೆಗೂ ಮಿಕ್ಕಿ ಬೇಕು. ಗತಿಯನ್ನು ನೂರ್ಮಡಿ ಮಾಡಿದರೆ ಚಿತ್ರವೇನೋ ಇಪ್ಪತ್ತು ಸೆಕೆಂಡುಗಳಲ್ಲಿ ತಲಪುತ್ತದೆ, ಸುಂಕವೂ ನೂರ್ಮಡಿಯಾಗುತ್ತದೆ.

ಟಾರ್ ಜಾಲವು ಬಳಸುವವನಿಗೂ ಮೊದಲನೆಯ ಕಂಪ್ಯೂಟರಿಗೂ ನಡುವೆ ಒಂದಿಷ್ಟು ಹುಸಿಯನ್ನು ಬೆರೆಸುವುದುಂಟು. ಆದರೆ ಎರಡು ತುದಿಗಳಲ್ಲಿಯೂ ಕಣ್ಣಿಟ್ಟವನನ್ನು ಮರುಳುಗೊಳಿಸಲು ಅದು ಸಾಲದು.