ಜೇಬಿನಲ್ಲಿ ಕಸಿ ಚಾಕು: ಒಯ್ಯುವುದು ಹೇಗೆ?

ಮಳೆಗಾಲ ಹಿಡಿಯಿತೆಂದರೆ ಮಲೆನಾಡು, ಕರಾವಳಿಯಲ್ಲಿ ಕಸಿ ಕಟ್ಟುವವರಿಗೆ ಪುರುಸೊತ್ತಿಲ್ಲ. ಇಂದು ಮಾವು, ನಾಳೆ ಹಲಸು, ನಾಡಿದ್ದು ಹಿಪ್ಪಲಿ ಬುಡಕ್ಕೆ ಕಾಳುಮೆಣಸು. ಊರಿಂದೂರಿಗೆ ಬೈಕಿನಲ್ಲಿ ಓಡಾಡುವ ಇವರ ಜೇಬಿನಲ್ಲಿ ಪ್ಲಾಸ್ಟಿಕ್ ಪಟ್ಟಿಯ ಸುರುಳಿ, ಜೊತೆಗೊಂದು ಮಡಚುವ ಚಾಕು ಇದ್ದೇ ಇರುತ್ತದೆ. ಕಸಿ ಕಲಿತ ಮೊದಲ ವರ್ಷ ನಾನು ಎರಡು ಸಲ ಕೈ ಕೊಯ್ದುಕೊಂಡೆ. ಎರಡೂ ಸಲ ಗಿಡ ಕೊಯ್ಯುತ್ತಿರಲಿಲ್ಲ. ಒಮ್ಮೆ ಚಿಲ್ಲರೆಗೆಂದು ಜೇಬಿಗೆ ಕೈ ಹಾಕಿದ್ದೆ, ಇನ್ನೊಮ್ಮೆ ಚಾಕು ಮಡಚುತ್ತಿದ್ದೆ. ಹಾಗಾಗಿ ಇಲ್ಲಿ ಕಸಿಯ ಮಾತು ಕಡಿಮೆ, ಜೇಬಿನ ಮಾತು ಹೆಚ್ಚು.

ಕೊಳ್ಳುವಾಗ ನೋಡಬೇಕಾದ್ದು

ಮಡಚುವ ಚಾಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಅಲಗನ್ನು ಹಿಡಿದಿಡುವುದು ಹಿಡಿಯ ಬೆನ್ನಿನೊಳಗಿನ ಸ್ಪ್ರಿಂಗ್ ಮಾತ್ರ. ತೆರೆದಾಗಲೂ ಅಲಗಿನ ಬೆನ್ನನ್ನು ಒತ್ತಿದರೆ ಅದು ಮಡಚಿಕೊಳ್ಳುತ್ತದೆ, ಬೆರಳ ಮೇಲೇ. ಇನ್ನೊಂದರಲ್ಲಿ ಲಾಕ್ ಇರುತ್ತದೆ. ಅದನ್ನು ಸರಿಸದೆ ಅಲಗು ಮಡಚದು. ಹೊಸಬರಿಗೆ ಲಾಕ್ ಇರುವುದೇ ವಾಸಿ.

ಆದರೆ ತೆರೆದಾಗ ಲಾಕ್ ಆದರೆ ಸಾಲದು, ಜೇಬಿನಲ್ಲಿ ಮುಚ್ಚಿಕೊಂಡೇ ಇರಬೇಕು. ಫ್ರಾನ್ಸಿನ ಒಪಿನೆಲ್ ಚಾಕುವಿನ ಕುತ್ತಿಗೆಗೆ ತಿರುಗಿಸುವ ಬಳೆಯೊಂದಿದೆ. 1955ರಲ್ಲಿ ಬಂದ ಈ ಬಳೆ ಮೊದಲು ತೆರೆದ ಅಲಗನ್ನಷ್ಟೇ ಹಿಡಿಯುತ್ತಿತ್ತು. ಮುಚ್ಚಿದ ಅಲಗನ್ನೂ ಹಿಡಿಯುವಂತೆ ಅದನ್ನು ತಿದ್ದಿದ್ದು 2000ದಲ್ಲಿ. ತಯಾರಕರಿಗೇ ಜೇಬಿನ ನೆನಪಾಗಲು ನಲವತ್ತೈದು ವರ್ಷ ಹಿಡಿಯಿತು ನೋಡಿ.

ಅಂಗಡಿಯಲ್ಲೇ ಪರೀಕ್ಷಿಸಿ. ಮುಚ್ಚಿದ ಚಾಕುವನ್ನು ಅಲಗು ಜಾರುವ ಬದಿ ಕೆಳಗೆ ಬರುವಂತೆ ಹಿಡಿದು ಜೋರಾಗಿ ಕೊಡವಿ. ಅಲಗು ಮಿಸುಕಬಾರದು. ಮುಚ್ಚಿದಾಗ ಮೊನೆ ಹಿಡಿಯ ಗಾಡಿಯೊಳಗೆ, ಅಂದರೆ ಅಲಗು ಕೂರುವ ಸೀಳಿನೊಳಗೆ, ಪೂರ್ತಿ ಮುಳುಗಿರಬೇಕು. ಹೆಬ್ಬೆರಳು ಸವರಿದರೆ ತಾಗಬಾರದು. ಕೀಲು ಪಕ್ಕಕ್ಕೆ ಅಲ್ಲಾಡಿದರೆ ಬೇಡ ಅನ್ನಿ. ಕೆಲವು ಕಸಿ ಚಾಕುಗಳ ಬಾಯಿ ಒಂದೇ ಬದಿಗೆ ಮಸೆದದ್ದು. ಎಡಗೈ ಬಳಸುವವರು ಬಲಗೈಯವರ ಚಾಕು ಕೊಂಡರೆ ಕಸಿ ಕಡ್ಡಿಯ ತುದಿಯ ಬೆಣೆ ನೇರವಾಗಿ ಬರುವುದೇ ಇಲ್ಲ.

ಯಾವ ಜೇಬು?

ಪ್ಯಾಂಟಿನ ಹಿಂಜೇಬು ಬೇಡವೇ ಬೇಡ. ಬೈಕಿನ ಮೇಲೆ ಕೂತಾಗ ಜಾರಿ ರಸ್ತೆಪಾಲಾಗುತ್ತದೆ. ಅಂಗಿಯ ಎದೆಜೇಬಿನಲ್ಲಿಟ್ಟರೆ ಬುಡದ ಗಿಡಕ್ಕೆ ಬಗ್ಗಿದೊಡನೆ ನೆಲಕ್ಕೆ ಬೀಳುತ್ತದೆ. ಹಿಡಿಯಲು ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಬೀಳುವ ಚಾಕುವನ್ನು ಹಿಡಿಯಬೇಡಿ. ಕಾಲು ಹಿಂದಕ್ಕೆಳೆದುಕೊಂಡು ಬೀಳಲು ಬಿಡಿ.

ಪ್ಯಾಂಟಿನ ಮುಂಜೇಬು ಸರಿ. ಆದರೆ ಆ ಜೇಬಿನಲ್ಲಿ ಚಾಕು ಒಂದೇ ಇರಲಿ. ಬೀಗದ ಕೈ, ಚಿಲ್ಲರೆ ಜೊತೆಗಿದ್ದರೆ ಒಂದಲ್ಲ ಒಂದು ದಿನ ಬೀಗದ ಕೈಯ ಹಲ್ಲು ಅಲಗು ತೆರೆಯಲು ಉಗುರು ಸಿಕ್ಕಿಸುವ ಕಚ್ಚಿಗೆ ಸಿಕ್ಕಿ ಎಳೆದು ತೆರೆಯುತ್ತದೆ. ನನಗಾದದ್ದು ಅದೇ. ಲುಂಗಿ, ಪಂಚೆ ಉಡುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದಕ್ಕಿಂತ ಕವಳದ ಸಂಚಿಯಂಥ ದಪ್ಪ ಬಟ್ಟೆಯ ಚೀಲಕ್ಕೆ ಹಾಕುವುದು ಒಳ್ಳೆಯದು. ಹಿಡಿಯಲ್ಲಿ ತೂತಿದ್ದರೆ ಗೇಣುದ್ದದ ಕೆಂಪು ದಾರ ಕಟ್ಟಿ. ತರಗೆಲೆಯಲ್ಲಿ ಕಳೆದುಹೋದ ಚಾಕು ಬರಿಗಾಲಿಗೆ ಸಿಗುವ ಮೊದಲು ಕಣ್ಣಿಗೆ ಸಿಗುತ್ತದೆ.

ಮಡಚುವ ಕ್ರಮ

ಒಂದು ಕೈಯಲ್ಲಿ ಹಿಡಿಯ ಎರಡು ಪಕ್ಕವನ್ನು ಮಾತ್ರ ಹಿಡಿಯಿರಿ. ಅಲಗು ಬಂದು ಕೂರುವ ಗಾಡಿಯ ಮೇಲೆ ಬೆರಳು ಸುತ್ತಿಕೊಂಡಿರಬಾರದು. ಲಾಕ್ ಇದ್ದರೆ ಸರಿಸಿ, ಇನ್ನೊಂದು ಅಂಗೈಯಿಂದ ಅಲಗಿನ ಬೆನ್ನನ್ನು ನಿಧಾನವಾಗಿ ಒತ್ತಿ. ತೊಡೆಗೆ ಒತ್ತಿ ಮಡಚುವ ಶೋಕಿ ಬೇಡ. ‘ಟಕ್’ ಎಂಬ ಸದ್ದು ಕೇಳಿದ ಮೇಲೆಯೇ ಜೇಬಿಗೆ.

ಆ ಸದ್ದು ಕೇಳದಿದ್ದರೆ ಕಾರಣ ಬಹುಪಾಲು ಹಲಸಿನ ಮೇಣ, ಇಲ್ಲವೇ ಮಾವಿನ ಸೊನೆ. ಗಾಡಿಯೊಳಗೆ ಮೇಣ ಕಟ್ಟಿದರೆ ಅಲಗು ಪೂರ್ತಿ ಕೂರುವುದಿಲ್ಲ, ಮೊನೆ ಕೂದಲೆಳೆಯಷ್ಟು ಹೊರಗುಳಿಯುತ್ತದೆ. ಜೇಬು ಹರಿಯಲು, ತೊಡೆ ಗೀರಲು ಅಷ್ಟೇ ಸಾಕು. ಸಂಜೆ ಅಲಗಿಗೆ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಗಾಡಿಯನ್ನು ಸೀಮೆಎಣ್ಣೆ ಅದ್ದಿದ ಬಟ್ಟೆ ಸುತ್ತಿದ ಕಡ್ಡಿಯಿಂದ ಕೆರೆಯಿರಿ. ಕೀಲಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಆಮೇಲೆ ಸಾಣೆಕಲ್ಲು. ಮೊಂಡು ಚಾಕುವಿಗೆ ಬಲ ಹಾಕಬೇಕು, ಬಲ ಹಾಕಿದಾಗಲೇ ಅದು ಜಾರುವುದು.

ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ಅಜ್ಜಿಯರು ಹೇಳುತ್ತಿದ್ದರಲ್ಲ, ಆ ಮಾತು ಪಾಲಿಸಿ. ಮಡಚಿ ನೆಲದ ಮೇಲಿಡಿ, ಬೇಕಾದವರು ಎತ್ತಿಕೊಳ್ಳಲಿ.

ಕಾನೂನಿನ ಗೆರೆ

2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಇಲ್ಲವೇ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಬಿಟ್ಟು. ಕಸಿ ಚಾಕು ಈ ಅಳತೆಯ ಹತ್ತಿರವೂ ಬರುವುದಿಲ್ಲ. ಹಾಗೆಂದು ಎಲ್ಲೆಡೆ ಒಯ್ಯಬಹುದೆಂದಲ್ಲ. ನಿಷೇಧಾಜ್ಞೆ ಇರುವಲ್ಲಿ, ಸಭೆ, ಮೆರವಣಿಗೆ, ನ್ಯಾಯಾಲಯಕ್ಕೆ ಹೋಗುವಾಗ ಮನೆಯಲ್ಲೇ ಬಿಡಿ. ಗುಂಡಿ ಒತ್ತಿದರೆ ಚಿಮ್ಮುವ ಬಟನ್ ಚಾಕು ತೋಟಕ್ಕೂ ಬೇಡ. ಜೇಬಿನಲ್ಲೂ ಚಿಮ್ಮಬಹುದು, ಪೊಲೀಸರ ಕಣ್ಣಿಗೂ ಬೀಳುತ್ತದೆ.

ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ. ಚೆಕ್-ಇನ್ ಸಾಮಾನಿನೊಳಗೆ ಬಟ್ಟೆಯಲ್ಲಿ ಸುತ್ತಿಡಿ. ಕೃಷಿ ಮೇಳವೊಂದಕ್ಕೆ ಹೊರಟಿದ್ದ ನಾನು ತೋಟದ ಚೀಲವನ್ನೇ ಹೆಗಲಿಗೇರಿಸಿ ಹೋಗಿ, ಹತ್ತು ವರ್ಷ ಬಳಸಿದ ಚಾಕುವನ್ನು ತಪಾಸಣೆಯ ಬುಟ್ಟಿಗೆ ಹಾಕಿ ಬಂದೆ. ಮಗನೋ ಮಗಳೋ ಬ್ರಿಟನ್ನಿನಲ್ಲಿದ್ದು ಅವರಿಗೊಂದು ಒಯ್ಯುವ ಆಸೆಯಿದ್ದರೆ ಇದು ತಿಳಿದಿರಲಿ: ಅಲ್ಲಿ ಕಾರಣ ಹೇಳದೆ ಜೇಬಿನಲ್ಲಿಟ್ಟುಕೊಳ್ಳಬಹುದಾದದ್ದು ಲಾಕ್ ಇಲ್ಲದ, ಬಾಯಿ 3 ಇಂಚು ಮೀರದ ಮಡಚುವ ಚಾಕು ಮಾತ್ರ. ನಾನು ಮೇಲೆ ಹೊಗಳಿದ ಲಾಕ್ ಅಲ್ಲಿ ತೊಂದರೆಗೆ ದಾರಿ.

ಕೊಯ್ದುಕೊಂಡರೆ

ಕಾಫಿ ಪುಡಿ ಮೆತ್ತಬೇಡಿ. ಶುದ್ಧ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಿರಿ. ನಡುನಡುವೆ ಬಿಚ್ಚಿ ನೋಡುತ್ತಿದ್ದರೆ ರಕ್ತ ನಿಲ್ಲುವುದಿಲ್ಲ. ಬೆರಳು ಮಡಚಲು ಆಗದಿದ್ದರೆ, ತುದಿ ಜೋಮು ಹಿಡಿದಂತಾದರೆ ಒಳಗಿನ ನರವೋ ಸ್ನಾಯುವೋ ತುಂಡಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ. ಗಾಯ ಸಣ್ಣದಾದರೂ ಟಿಟಿ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಿ.

ಚಾಕುವಿಗೆ ಮನೆಯಲ್ಲಿ ಮಕ್ಕಳ ಕೈಗೆಟುಕದ ಒಂದು ಜಾಗ ಗೊತ್ತುಮಾಡಿ. ನಮ್ಮಲ್ಲಿ ಅದು ಜಗಲಿಯ ಗೋಡೆಯ ಮೇಲಿನ ಗೂಡು. ಅಂಗಿ ಕಳಚುವ ಮೊದಲು ಚಾಕು ಅಲ್ಲಿಗೆ ಸೇರಬೇಕು. ಬಟ್ಟೆ ಒಗೆಯುವವರ ಕೈ ನಮ್ಮ ಜೇಬಿಗೆ ಹೋಗುತ್ತದೆ.