ಸಭೆಯ ವಿಷಯ ಗೊತ್ತುಮಾಡುವವರು ಯಾರು?



ಸಭೆ ಅಂದ ಕೂಡಲೆ ನಮ್ಮ ಕಣ್ಣಮುಂದೆ ಬರೋದು ಒಂದು ವೇದಿಕೆ, ಅದರ ಮೇಲೊಂದು ಮೇಜು, ಹಿಂದೆ ಬ್ಯಾನರು. ಆಮೇಲೆ ಪ್ರಾರ್ಥನೆ, ಸ್ವಾಗತ, ಉದ್ಘಾಟನೆ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಇದನ್ನು ನಾನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ವಿದ್ವಾಂಸರೊಬ್ಬರು ದೂರದಿಂದ ಬಂದಾಗ ಅವರ ಮಾತನ್ನು ಸಾವಧಾನವಾಗಿ ಕೇಳೋದಕ್ಕೆ ಇದು ಒಳ್ಳೆಯ ಏರ್ಪಾಡೇ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳೋದೇ ಇಲ್ಲ. ಇವತ್ತು ಯಾವ ವಿಷಯ ಮಾತಾಡಬೇಕು ಅಂತ ತೀರ್ಮಾನ ಮಾಡಿದವರು ಯಾರು? ಸೇರಿದವರೇ ವಿಷಯ ಗೊತ್ತುಮಾಡಿಕೊಂಡು ನಡೆಸುವ ಸಭೆಯ ರೀತಿಯನ್ನು ಇಲ್ಲಿ ಪಾಠದ ಹಾಗೆ ವಿವರಿಸುತ್ತೇನೆ.

ಮೊದಲು ನಮ್ಮ ಸಾಹಿತ್ಯ ಚರಿತ್ರೆಯಿಂದಲೇ ಒಂದು ಉದಾಹರಣೆ. 1979ರಲ್ಲಿ ಧರ್ಮಸ್ಥಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಗೋಪಾಲಕೃಷ್ಣ ಅಡಿಗರು ಅಧ್ಯಕ್ಷರು. ಆ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಇಡಬೇಕು ಅಂತ ಬೇಡಿಕೆ ಬಂತು. ಒಪ್ಪಿಗೆ ಸಿಗಲಿಲ್ಲ. ಇದನ್ನು ಒಪ್ಪದ ಬರಹಗಾರರು ಅದೇ ವರ್ಷ ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ಸೇರಿಸಿದರು. ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡದ್ದು ಹೀಗೆ. ಪರೀಕ್ಷೆಗೆ ಓದುವಾಗ ನಾವು ‘ನವ್ಯದ ನಂತರ ದಲಿತ-ಬಂಡಾಯ’ ಅಂತ ಒಂದೇ ಉಸಿರಿಗೆ ಹೇಳಿಬಿಡ್ತೇವೆ. ಅದರ ಹಿಂದೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಕಿಡಿ ಹಾರಿದ್ದು ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಬೇಕೋ ಬೇಡವೋ ಅನ್ನೋ ಮಾತಿನಿಂದ. ಅಜೆಂಡಾ ಅನ್ನೋದು ಬರೀ ಕಚೇರಿಯ ಕಾಗದವಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಹೊರದೇಶದಲ್ಲೂ ಈ ಪ್ರಶ್ನೆಯನ್ನು ಕೆಲವರು ಎದುರಿಸಿದ್ದಾರೆ. ಅಮೆರಿಕದ ಹ್ಯಾರಿಸನ್ ಓವೆನ್ ಅನ್ನುವವರು ಒಂದು ವರ್ಷ ದುಡಿದು ಸಮ್ಮೇಳನ ಏರ್ಪಡಿಸಿದರು. ಮುಗಿದ ಮೇಲೆ ಬಂದವರೆಲ್ಲ ಮೆಚ್ಚಿಕೊಂಡದ್ದು ಕಾಫಿ ವಿರಾಮವನ್ನು! ಹಾಗಾದರೆ ಇಡೀ ಸಭೆಯೇ ಕಾಫಿ ವಿರಾಮದಂತೆ ಇರಬಾರದೇಕೆ ಅಂತ ಯೋಚಿಸಿ, 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಎಲ್ಲರನ್ನೂ ವೃತ್ತವಾಗಿ ಕೂರಿಸಿ, ವಿಷಯಗಳನ್ನು ಅವರಿಂದಲೇ ಬರೆಸಿ ಗೋಡೆಗೆ ಹಚ್ಚಿಸಿದರು. ಇದಕ್ಕೆ ಓಪನ್ ಸ್ಪೇಸ್ ಅಂತ ಹೆಸರಾಯಿತು. ಮುಂದೆ 2005ರಲ್ಲಿ, ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶವಿದ್ದ ಒಂದು ತಂತ್ರಜ್ಞರ ಕೂಟಕ್ಕೆ ಉತ್ತರವಾಗಿ, ಯಾರು ಬೇಕಾದರೂ ಬರಬಹುದಾದ ಬಾರ್‌ಕ್ಯಾಂಪ್ ಶುರುವಾಯಿತು. ಮರುವರ್ಷವೇ ಅದು ಬೆಂಗಳೂರಿಗೂ ಬಂತು. ಅಲ್ಲಿ ಪ್ರೇಕ್ಷಕರು ಅಂತ ಯಾರೂ ಇಲ್ಲ, ಬಂದವರೆಲ್ಲ ಪಾಲುದಾರರೇ. ಈ ರೀತಿಯ ಸಭೆಯನ್ನು ನಾನು ಬಯಲುಸಭೆ ಅಂತ ಕರೆಯುತ್ತೇನೆ.

ಇನ್ನು ನಡೆಸುವ ಕ್ರಮ.

ಒಂದು: ವಿಷಯ ಬೇಡ ಅಂದರೆ ಏನೂ ಬೇಡ ಅಂತಲ್ಲ. ಎಲ್ಲರನ್ನೂ ಕಾಡುವ ಒಂದು ದೊಡ್ಡ ಪ್ರಶ್ನೆ ಮೊದಲೇ ಇರಬೇಕು. ಸಾನಪಾಡಾದಲ್ಲಿ ಸೇರಿದಾಗ ನಮ್ಮ ಬಳಗ ಇಟ್ಟುಕೊಂಡ ಪ್ರಶ್ನೆ ‘ಇಲ್ಲಿ ನಮಗೆ ಕನ್ನಡ ಯಾಕೆ ಬೇಕು?’

ಎರಡು: ಕುರ್ಚಿಗಳನ್ನು ಸುತ್ತಲೂ ಹಾಕಿ. ವೃತ್ತಕ್ಕೆ ಮೊದಲ ಸಾಲೂ ಇಲ್ಲ, ಕೊನೆಯ ಬೆಂಚೂ ಇಲ್ಲ. ನಡುವೆ ಖಾಲಿ ಕಾಗದ, ಸ್ಕೆಚ್‌ಪೆನ್ನು ಇರಲಿ. ಮಾತಾಡಬೇಕೆನಿಸಿದವರು ಎದ್ದುಬಂದು ವಿಷಯವನ್ನೂ ತಮ್ಮ ಹೆಸರನ್ನೂ ಬರೆದು, ಗಟ್ಟಿಯಾಗಿ ಓದಬೇಕು. ಬರೆದವರು ಆ ವಿಷಯದಲ್ಲಿ ಪಂಡಿತರಾಗಿರಬೇಕಾಗಿಲ್ಲ. ಅದರ ಬಗ್ಗೆ ಕಾಳಜಿ ಇದ್ದರೆ ಸಾಕು.

ಮೂರು: ಗೋಡೆಯ ಮೇಲೆ ಹೊತ್ತು ಮತ್ತು ಜಾಗದ ಮನೆಗಳನ್ನು ಮೊದಲೇ ಎಳೆದಿಡಿ. ಎರಡೂವರೆ ಗಂಟೆ, ಮೂರು ಮೂಲೆ ಇದ್ದರೆ ಮೂರು ಸುತ್ತಿನಲ್ಲಿ ಒಂಬತ್ತು ಚರ್ಚೆ ಮಾಡಬಹುದು. ಚೀಟಿಗಳನ್ನು ಆಯಾ ಮನೆಯಲ್ಲಿ ಅಂಟಿಸಿದರೆ ಕಾರ್ಯಸೂಚಿ ಸಿದ್ಧ.

ನಾಲ್ಕು: ಎರಡು ಕಾಲಿನ ನಿಯಮ. ಕೂತ ಕಡೆ ನೀವು ಕಲಿಯುತ್ತಲೂ ಇಲ್ಲ, ಕೊಡುತ್ತಲೂ ಇಲ್ಲ ಅನಿಸಿದರೆ ಎದ್ದು ಇನ್ನೊಂದು ಗುಂಪಿಗೆ ಹೋಗಿ. ಇದು ಅವಮರ್ಯಾದೆಯಲ್ಲ. ಒಬ್ಬರೇ ಅರ್ಧ ಗಂಟೆ ಕೊರೆಯುತ್ತಿದ್ದರೆ ಅವರನ್ನು ತಡೆಯೋ ಅಧ್ಯಕ್ಷರೂ ಬೇಕಾಗೋದಿಲ್ಲ, ಕೇಳುವವರ ಕಾಲುಗಳೇ ಆ ಕೆಲಸ ಮಾಡ್ತವೆ.

ಐದು: ಬಂದವರೇ ಸರಿಯಾದ ಜನ, ಶುರುವಾದದ್ದೇ ಸರಿಯಾದ ಹೊತ್ತು ಅನ್ನೋದು ಓವೆನ್ ಹೇಳಿದ ಸೂತ್ರಗಳಲ್ಲಿ ಎರಡು. ನಮಗೆ ಇವು ಚೆನ್ನಾಗಿ ಹೊಂದುತ್ತವೆ. ಡೊಂಬಿವಿಲಿ, ಕಲ್ಯಾಣದವರು ಠಾಣೆಯಲ್ಲಿ ಇಳಿದು ಇನ್ನೊಂದು ಲೋಕಲ್ ಹಿಡಿಯಬೇಕು. ಭಾನುವಾರ ಮೆಗಾಬ್ಲಾಕ್ ಇದ್ದರೆ ದೇವರೇ ಗತಿ. ಉಪನ್ಯಾಸಕ್ಕೆ ತಡವಾಗಿ ಬಂದವರು ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾರೆ. ಇಲ್ಲಿ ಎರಡನೇ ಸುತ್ತಿಗೆ ಬಂದವರೂ ಚೀಟಿ ಅಂಟಿಸಬಹುದು.

ಆರು: ಪ್ರತಿ ಗುಂಪೂ ಒಂದು ಪುಟದ ಬರಹ ಕೊಡಬೇಕು. ಕೊನೆಗೆ ಮತ್ತೆ ವೃತ್ತ. ಒಬ್ಬೊಬ್ಬರೂ ಒಂದೆರಡು ಮಾತು ಹೇಳಿ ಮುಗಿಸಬೇಕು. ಬರಹ ಇಲ್ಲದಿದ್ದರೆ ಸಭೆ ಬರೀ ಹರಟೆಯಾಗಿ ಗಾಳಿಗೆ ಹೋಗುತ್ತದೆ.

ಇದರಿಂದ ಆಗೋದೇನು? ಸಾನಪಾಡಾದ ಸಭೆಯಲ್ಲಿ ಯಕ್ಷಗಾನ, ಅನುವಾದ ಹೀಗೆ ನಿರೀಕ್ಷಿಸಿದ ಚೀಟಿಗಳ ಜೊತೆ ಒಂದು ಅನಿರೀಕ್ಷಿತ ಚೀಟಿಯೂ ಬಂತು: ‘ನನ್ನ ಮಾತಿಗೆ ನಗೋದು ಯಾಕ?’ ಬರೆದವಳು ವಿಜಾಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬದ ಹುಡುಗಿ. ನಮ್ಮಲ್ಲಿ ಬಹಳ ಜನ ಕರಾವಳಿಯವರು, ಮನೆಯಲ್ಲಿ ತುಳು, ಹೊರಗೆ ಪುಸ್ತಕದ ಕನ್ನಡ. ‘ಬಂದಾಳ, ಹೋಗ್ಯಾನ’ ಅಂದರೆ ನಗು. ಆಕೆ ಹೇಳಿದ್ದು ಇಷ್ಟೇ: “ಬೇಂದ್ರೆ ಪದ್ಯ ಬಾಯಿಪಾಠ ಮಾಡಿ ಬಹುಮಾನ ತಗೋತೀರಿ. ಅದss ಮಾತು ನಾ ಆಡಿದರ ನಗತೀರಿ.” ಆ ಮೂಲೆಗೆ ಮೊದಲು ಹೋದವರು ನಾಲ್ಕೇ ಜನ. ಹತ್ತು ನಿಮಿಷದಲ್ಲಿ ಯಕ್ಷಗಾನದ ಗುಂಪೂ ಎದ್ದು ಅಲ್ಲಿಗೆ ಬಂತು. ಉಪಭಾಷೆ, ಶಿಷ್ಟಭಾಷೆ ಅಂತ ನಾವು ಓದಿದ್ದ ಪಾಠಕ್ಕೆ ಅವತ್ತು ಜೀವ ಬಂತು. ಯಾವ ಸಮಿತಿಯೂ ಈ ವಿಷಯವನ್ನು ಪಟ್ಟಿಗೆ ಹಾಕುತ್ತಿರಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ, ಅದು ಸಮಿತಿಯವರಿಗೆ ಕಾಣುವ ವಿಷಯವೇ ಅಲ್ಲ.

ಈಗ ಎಚ್ಚರಿಕೆಯ ಮಾತು. ಅಜೆಂಡಾ ಇಲ್ಲದ ಮಾತ್ರಕ್ಕೆ ಸಮಾನತೆ ಬರೋದಿಲ್ಲ. ನಮ್ಮ ಊರಿನ ಅರಳಿಕಟ್ಟೆಗೆ ಯಾವ ಅಜೆಂಡಾ ಇತ್ತು? ಆದರೂ ಕಟ್ಟೆಯ ಮೇಲೆ ಯಾರು ಕೂರಬೇಕು, ಯಾರು ಕೆಳಗೆ ನಿಲ್ಲಬೇಕು, ಯಾರು ಆ ಕಡೆ ಸುಳಿಯಲೇಬಾರದು ಅನ್ನೋದು ಎಲ್ಲರಿಗೂ ಗೊತ್ತಿತ್ತು. 1970ರ ದಶಕದ ಆರಂಭದಲ್ಲಿ ಜೋ ಫ್ರೀಮನ್ ಎಂಬ ಲೇಖಕಿ ಅಮೆರಿಕದ ಮಹಿಳಾ ಚಳವಳಿಯ ಗುಂಪುಗಳನ್ನು ನೋಡಿ ಇದನ್ನೇ ವಾದಿಸಿದರು. ರಚನೆಯೇ ಇಲ್ಲದ ಗುಂಪು ಅಂತ ಯಾವುದೂ ಇಲ್ಲ. ನಿಯಮಗಳನ್ನು ಬಾಯಿಬಿಟ್ಟು ಹೇಳದಿದ್ದರೆ ಒಳಗಿನ ಗೆಳೆಯರ ಕೂಟವೇ ಮರೆಯಲ್ಲಿ ಆಳುತ್ತದೆ. ಆದ್ದರಿಂದ ಬಯಲುಸಭೆಗೆ ನಿಯಮ ಕಡಿಮೆ ಇರಲಿ, ಆದರೆ ಇರುವ ನಿಯಮ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ. ಎದ್ದುನಿಂತು ಓದಲು ಅಂಜುವವರ ಚೀಟಿಯನ್ನು ಬೇರೆಯವರು ಓದಲಿ. ಕನ್ನಡ ಮಾತು ಬಂದು ಅಕ್ಷರ ಬಾರದವರಿಗೆ ಪಕ್ಕದವರು ಬರೆದುಕೊಡಲಿ. ಕಾರ್ಯದರ್ಶಿಯಾದವರು ಮೊದಲ ಚೀಟಿ ಬರೆಯದಿರಲಿ.

ಇನ್ನೊಂದು ಮಾತು. ತೀರ್ಮಾನ ಮೊದಲೇ ಆಗಿಹೋಗಿದ್ದರೆ ಬಯಲುಸಭೆ ಕರೆಯಬೇಡಿ, ಅದು ಬಂದವರಿಗೆ ಮಾಡುವ ಮೋಸ. ಲೆಕ್ಕಪತ್ರ ಒಪ್ಪಿಸೋದಕ್ಕೆ, ಪದಾಧಿಕಾರಿಗಳ ಆಯ್ಕೆಗೆ ಹಳೆಯ ಕ್ರಮವೇ ಸರಿ. ಹಳಗನ್ನಡ ಪದ್ಯದ ಅನ್ವಯ ಕಲಿಯೋದಕ್ಕೆ ಬಲ್ಲವರ ಎದುರು ಕೂರೋದೇ ಸರಿ.

ಮುಂಬಯಿ ಕಡೆಯ ಕನ್ನಡ ಬಳಗಗಳಲ್ಲಿ ‘ಹುಡುಗರು ಬರೋದಿಲ್ಲ’ ಅಂತ ಆಗಾಗ ಕೇಳಿಬರುತ್ತದೆ. ಬಂದವರಿಗೆ ಚಪ್ಪಾಳೆ ತಟ್ಟೋದು ಬಿಟ್ಟು ಬೇರೆ ಕೆಲಸ ಕೊಟ್ಟಿದ್ದೇವೆಯೇ ಅಂತ ನಾವು ಮೊದಲು ಕೇಳಿಕೊಳ್ಳಬೇಕು. ಈ ಪಾಠಕ್ಕೆ ಅಭ್ಯಾಸ ಒಂದೇ. ನೀವಿರುವ ಕಡೆ ಹತ್ತು ಜನ ಸೇರಿ, ಒಂದು ಪ್ರಶ್ನೆ ಇಟ್ಟು, ಚೀಟಿ ಬರೆಸಿ ನೋಡಿ. ಯಾರೂ ಊಹಿಸದಿದ್ದ ಚೀಟಿ ಯಾವುದೋ ಅದರ ಬರಹವನ್ನೇ ಈ ಪತ್ರಿಕೆಗೆ ಕಳಿಸಿ.